ದುಡ್ಡು ಹಾಕಬೇಕಾದ್ದು ಬೆನ್ನಿಗೆ, ಬಣ್ಣಕ್ಕಲ್ಲ

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ರಾಕಿ ಪರ್ವತ ಸಾಲಿನ ಮೊಂಟಾನಾ, ಇಡಾಹೊ, ವಯೋಮಿಂಗ್, ಕೊಲರಾಡೊ ರಾಜ್ಯಗಳಲ್ಲಿ ಎಲ್ಕ್ ಬೇಟೆಯ ಕಾಲ ಶುರುವಾಗುತ್ತದೆ. ಎಲ್ಕ್ ನಮ್ಮ ಕಡವೆಯ ಹತ್ತಿರದ ನೆಂಟ; ಬೆಳೆದ ಗಂಡು ಸುಮಾರು 300 ಕಿಲೊ ತೂಗುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಅಪರಾಧವಾಗಿಸಿದೆ. ಅಲ್ಲಿ ಅದು ಪರವಾನಗಿ, ದಿನಾಂಕ, ಎಣಿಕೆಗಳ ಕಟ್ಟಿನೊಳಗೆ ನಡೆಯುವ ಕಾನೂನುಬದ್ಧ ಚಟುವಟಿಕೆ. ಸಿಕ್ಕ ಮಾಂಸ ಮನೆಯ ಫ್ರೀಜರ್ ಸೇರಿ ತಿಂಗಳುಗಟ್ಟಲೆ ಊಟಕ್ಕಾಗುತ್ತದೆ. ಅಮೆರಿಕದ ಅರಣ್ಯ ಇಲಾಖೆಯ ಕೈಯಲ್ಲಿ ಸುಮಾರು 19.3 ಕೋಟಿ ಎಕರೆ, ಭೂ ನಿರ್ವಹಣಾ ಬ್ಯೂರೊದ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ನೆಲವಿದೆ. ಇದರ ಬಹುಪಾಲು ಸಾಮಾನ್ಯ ಬೇಟೆಗಾರನಿಗೂ ತೆರೆದಿದೆ. 1964ರ ಕಾಯ್ದೆಯಡಿ ವನ್ಯಪ್ರದೇಶವೆಂದು ಗುರುತಿಸಿದ ಜಾಗಗಳಿಗೆ ಮೋಟಾರು ವಾಹನ ಹೋಗುವಂತಿಲ್ಲ. ಇಡಾಹೊದ ಫ್ರ್ಯಾಂಕ್ ಚರ್ಚ್ ವನ್ಯಪ್ರದೇಶವೊಂದೇ ಸುಮಾರು 23 ಲಕ್ಷ ಎಕರೆ ಹರಡಿದೆ. ಇಂಥಲ್ಲಿ ಓಡಾಡಲು ಕಾಲುನಡಿಗೆ, ಇಲ್ಲವೇ ಕುದುರೆ. ರಸ್ತೆ ಮುಗಿದ ಮೇಲಿನ ಈ ಕಾಡನ್ನು ಅಲ್ಲಿನವರು ಬ್ಯಾಕ್‌ಕಂಟ್ರಿ ಎನ್ನುತ್ತಾರೆ. ಮೊಂಟಾನಾದ ನಿವಾಸಿಗೆ ಎಲ್ಕ್ ಪರವಾನಗಿ ಸುಮಾರು 20 ಡಾಲರ್‌ಗೆ ಸಿಗುತ್ತದೆ. ನೆಲ ಎಲ್ಲರದು, ಪರವಾನಗಿ ಅಗ್ಗ. ಹಾಗಿದ್ದೂ ಹೊಸಬನಿಗೆ ಈ ಹವ್ಯಾಸ ದುಬಾರಿ ಅನಿಸುವುದು ಬಟ್ಟೆ ಮತ್ತು ಬೆನ್ನುಚೀಲದ ಅಂಗಡಿಗೆ ಕಾಲಿಟ್ಟಾಗ.

ಇದು ಹಳೆಯ ಕಥೆಯೇನಲ್ಲ. 2005ರಲ್ಲಿ ಸಿಟ್ಕಾ, 2007ರಲ್ಲಿ ಫಸ್ಟ್ ಲೈಟ್, 2011ರಲ್ಲಿ ಕುಯು ಕಂಪನಿಗಳು ಹುಟ್ಟಿದವು. ಪರ್ವತಾರೋಹಿಗಳ ಉಡುಪಿನ ತಂತ್ರಜ್ಞಾನವನ್ನು ಬೇಟೆಯ ಉಡುಪಿಗೆ ತಂದ ಶ್ರೇಯಸ್ಸು ಇಂಥ ಕಂಪನಿಗಳದು. ಅದರ ಜೊತೆಗೇ ಪರ್ವತಾರೋಹಿಗಳ ಉಡುಪಿನ ಬೆಲೆಯೂ ಬಂತು. ಇಂದು ಒಂದೊಂದು ಜಾಕೆಟ್‌ಗೆ ನೂರಾರು ಡಾಲರ್. ಒಳಅಂಗಿಯಿಂದ ಮಳೆಕೋಟಿನವರೆಗೆ ಒಂದೇ ವಿನ್ಯಾಸದಲ್ಲಿ ಕೊಂಡು, ಅದಕ್ಕೊಪ್ಪುವ ಬೆನ್ನುಚೀಲವನ್ನೂ ಸೇರಿಸಿದರೆ ಲೆಕ್ಕ ಸಾವಿರಾರು ಡಾಲರ್ ದಾಟುತ್ತದೆ. ಸರಕು ಕಳಪೆ ಎಂದು ಯಾರೂ ಹೇಳಲಾರರು. ಆದರೆ ಅಗ್ಗದಲ್ಲಿ ಹೊರಡಲು ಬಯಸುವವನು ಇವುಗಳಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು? ಎಲ್ಲವನ್ನೂ ಅರ್ಧ ಬೆಲೆಯದನ್ನು ಕೊಳ್ಳುವುದು ಮಿತವ್ಯಯವಲ್ಲ. ಒಂದು ವಸ್ತು ಕೈಕೊಟ್ಟರೆ ಏನಾಗುತ್ತದೆ ಎಂದು ಕೇಳಿಕೊಳ್ಳುವುದು ಸರಿಯಾದ ಆರಂಭ. ಜೀವಕ್ಕೆ ಅಪಾಯವೇ, ಪ್ರವಾಸವೇ ಮುಗಿಯುತ್ತದೆಯೇ, ಅಥವಾ ಬರೀ ಕಿರಿಕಿರಿಯೇ? ಈ ಅಳತೆಗೋಲು ಹಿಡಿದರೆ ಹಣದ ಮೊದಲ ಪಾಲು ಬೆನ್ನುಚೀಲದ ಚೌಕಟ್ಟಿಗೆ, ಎರಡನೆಯದು ಒದ್ದೆ ಮತ್ತು ಚಳಿಯನ್ನು ತಡೆಯುವ ಪದರಗಳಿಗೆ ಹೋಗಬೇಕು; ಜಾಹೀರಾತಿನಲ್ಲಿ ಮೊದಲು ಕಣ್ಣಿಗೆ ಬೀಳುವ ಎಲೆ-ಕಡ್ಡಿ ಚಿತ್ತಾರಕ್ಕೆ ಕೊನೆಯ ಪಾಲು.

ಚಿತ್ತಾರವನ್ನೇ ಮೊದಲು ನೋಡೋಣ, ಏಕೆಂದರೆ ಅದರ ವಿರುದ್ಧದ ಸಾಕ್ಷ್ಯ ಬಲವಾಗಿದೆ. ಮನುಷ್ಯನ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ. ಜಿಂಕೆ ಕುಲದ ಪ್ರಾಣಿಗಳಲ್ಲಿ ಎರಡೇ ಬಗೆ. 1992ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಬಿಳಿಬಾಲದ ಜಿಂಕೆಗಳ ಕಣ್ಣನ್ನು ಪರೀಕ್ಷಿಸಿದ ವಿಜ್ಞಾನಿಗಳು ಇದನ್ನು ಖಚಿತಪಡಿಸಿದರು. ನೀಲಿ ಅವಕ್ಕೆ ಚೆನ್ನಾಗಿ ಕಾಣುತ್ತದೆ. ಕೆಂಪು, ಕಿತ್ತಳೆ ಬಣ್ಣಗಳನ್ನು ಹಸಿರಿನಿಂದ ಬೇರ್ಪಡಿಸಿ ನೋಡುವುದು ಅವಕ್ಕೆ ಆಗದು. ರೈಫಲ್ ಬೇಟೆಗಾರರು ಒಬ್ಬರನ್ನೊಬ್ಬರು ತಪ್ಪಿ ಹೊಡೆಯದಿರಲಿ ಎಂದು ಕಾನೂನು ಹೊಳೆಯುವ ಕಿತ್ತಳೆ ಬಣ್ಣವನ್ನು ಕಡ್ಡಾಯ ಮಾಡಲು ಸಾಧ್ಯವಾದದ್ದೂ ಇದರಿಂದಲೇ. ಕೊಲರಾಡೊದಲ್ಲಿ ಸೊಂಟದ ಮೇಲೆ ಕನಿಷ್ಠ 500 ಚದರ ಅಂಗುಲ, ಮೊಂಟಾನಾದಲ್ಲಿ 400 ಚದರ ಅಂಗುಲ ಈ ಬಣ್ಣ ಕಾಣಲೇಬೇಕು. ಕೊಲರಾಡೊದಲ್ಲಿ ಟೊಪ್ಪಿಯೂ ಅದೇ ಬಣ್ಣದ್ದಾಗಿರಬೇಕು; ಕಿತ್ತಳೆಯ ಬದಲು ಹೊಳೆಯುವ ಗುಲಾಬಿ ಬಣ್ಣಕ್ಕೂ ಅಲ್ಲಿ ಅವಕಾಶವಿದೆ. ಅಂದರೆ ನೂರಾರು ಡಾಲರ್ ತೆತ್ತ ಚಿತ್ತಾರದ ಮೇಲೆ ಕೆಲವೇ ಡಾಲರ್‌ನ ಕಿತ್ತಳೆ ವೇಸ್ಟ್‌ಕೋಟು ಬಂದು ಕೂರುತ್ತದೆ. ಇಂದಿನ ಪ್ರಸಿದ್ಧ ಚಿತ್ತಾರಗಳಾದ ಮಾಸಿ ಓಕ್, ರಿಯಲ್‌ಟ್ರೀಗಳು ಮಾರುಕಟ್ಟೆಗೆ ಬಂದದ್ದು 1980ರ ದಶಕದಲ್ಲಿ. ಅದಕ್ಕೂ ಮುಂಚಿನ ತಲೆಮಾರುಗಳು ಕೆಂಪು-ಕಪ್ಪು ಚೌಕುಳಿಯ ಉಣ್ಣೆ ಕೋಟು ತೊಟ್ಟೇ ಎಲ್ಕ್ ಹೊಡೆದು ತಂದವು. ಆ ಚೌಕುಳಿ ಎಲ್ಕ್‌ನ ಕಣ್ಣಿಗೆ ಮಬ್ಬು-ಗಾಢಗಳ ತುಂಡುಗಳಾಗಿ ಕಂಡು, ಮನುಷ್ಯನ ಆಕಾರವನ್ನು ಸಾಕಷ್ಟು ಒಡೆಯುತ್ತಿತ್ತು.

ಬಿಲ್ಲುಬೇಟೆಗಾರನ ಆಕ್ಷೇಪಕ್ಕೆ ಇಲ್ಲಿ ಜಾಗ ಕೊಡಬೇಕು. ಅವನ ಋತುವಿನಲ್ಲಿ ಹಲವೆಡೆ ಕಿತ್ತಳೆ ಕಡ್ಡಾಯವಿಲ್ಲ. ಮೂವತ್ತು-ನಲವತ್ತು ಗಜದಷ್ಟು ಹತ್ತಿರ ಹೋಗದೆ ಅವನ ಬಾಣ ನಾಟದು. ಅಷ್ಟು ಸಮೀಪದಲ್ಲಿ ಆಕಾರ ಒಡೆಯುವ ಉಡುಪಿಗೆ ಬೆಲೆ ಇದೆ, ನಿಜ. ಆದರೆ ಆ ಕೆಲಸಕ್ಕೆ ಕಂದು, ಬೂದು, ಮಾಸಲು ಹಸಿರಿನ ಯಾವ ಬಟ್ಟೆಯಾದರೂ ಸಾಕು: ಮೇಲೊಂದು ಬಣ್ಣ, ಕೆಳಗೊಂದು ಬಣ್ಣ, ಮುಖಕ್ಕೊಂದು ತೆಳು ಮುಸುಕು. ನೀಲಿ ಜೀನ್ಸ್ ಮಾತ್ರ ಬೇಡ. ಬಟ್ಟೆಯನ್ನು ಬೆಳ್ಳಗೆ ಹೊಳೆಯುವಂತೆ ಮಾಡುವ ಡಿಟರ್ಜೆಂಟ್ ಕೂಡ ಬೇಡ. ಅದರ ಹೊಳಪು ನೀಲಿಯ ಪಟ್ಟಿಯಲ್ಲೇ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಕ್ ಕಣ್ಣಿಗಿಂತ ಹೆಚ್ಚು ನಂಬುವುದು ಮೂಗನ್ನು. ಬಿಸಿಲೇರಿದಂತೆ ಇಳಿಜಾರಿನ ಗಾಳಿ ಮೇಲಕ್ಕೇರುತ್ತದೆ, ಸಂಜೆ ತಂಪಾದಂತೆ ಕಣಿವೆಗೆ ಇಳಿಯುತ್ತದೆ. ಈ ಚಲನೆಯನ್ನು ಲೆಕ್ಕಿಸದೆ ಮೇಲಿಂದ ಕೆಳಕ್ಕೋ ಕೆಳಗಿಂದ ಮೇಲಕ್ಕೋ ತಪ್ಪು ಹೊತ್ತಿನಲ್ಲಿ ಹೊರಟವನನ್ನು ಯಾವ ಚಿತ್ತಾರವೂ ಕಾಪಾಡದು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯಲು ಒಂದು ಚಿಟಿಕೆ ಪೌಡರ್ ಸಾಕು.

ಬಣ್ಣದಿಂದ ಬಟ್ಟೆಗೆ ಬಂದರೆ ಪ್ರಶ್ನೆ ಗಂಭೀರವಾಗುತ್ತದೆ. ಇಲ್ಲಿ ತಪ್ಪಿದರೆ ಹೋಗುವುದು ಜೀವ. ಕೊಲರಾಡೊದ ಎಲ್ಕ್‌ಗಳು ಬೇಸಿಗೆ, ಶರತ್ಕಾಲಗಳಲ್ಲಿ ಇರುವುದು 2,500ರಿಂದ 3,500 ಮೀಟರ್ ಎತ್ತರದಲ್ಲಿ. ಪ್ರತಿ ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಮಧ್ಯಾಹ್ನ ಅಂಗಿ ಬಿಚ್ಚಿಸುವ ಬಿಸಿಲು, ಬೆಳಗಿನ ಜಾವ ಬಾಟಲಿಯ ನೀರು ಹೆಪ್ಪುಗಟ್ಟುವ ಚಳಿ, ನಡುವೆ ಯಾವಾಗ ಬೇಕಾದರೂ ಮಳೆ ಅಥವಾ ಹಿಮ. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ವೈದ್ಯಕೀಯ ತುರ್ತು. ಇದಕ್ಕೆ ಸೊನ್ನೆಗಿಂತ ಕೆಳಗಿನ ಚಳಿಯೇ ಬೇಕಿಲ್ಲ. ಒದ್ದೆ ಬಟ್ಟೆ, ಗಾಳಿ, ದಣಿವು ಮೂರೂ ಸೇರಿದರೆ ಹತ್ತು ಡಿಗ್ರಿಯಲ್ಲೂ ಆದೀತು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ ಎಂಬುದೇ ಇದರ ಹಿಂದಿನ ಭೌತಶಾಸ್ತ್ರ. ಹತ್ತಿ ಬಟ್ಟೆ ಬೆವರನ್ನು ಹೀರಿ ಮೈಗೆ ಅಂಟಿಕೊಂಡು ನಿಧಾನವಾಗಿ ಒಣಗುತ್ತದೆ. ನಮ್ಮ ಬೇಸಿಗೆಯಲ್ಲಿ ಅದು ವರ, ಆ ಬೆಟ್ಟಗಳಲ್ಲಿ ಶಾಪ. ಪಾಲಿಯೆಸ್ಟರ್ ನೂಲು ತನ್ನ ತೂಕದ ಶೇ. 1ರಷ್ಟೂ ತೇವ ಹೀರುವುದಿಲ್ಲ, ಬೇಗ ಒಣಗುತ್ತದೆ, ಆದರೆ ಎರಡೇ ದಿನಕ್ಕೆ ನಾರುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಎಳೆಯೊಳಗೇ ಇಟ್ಟುಕೊಂಡೂ ಮೈಗೆ ಒದ್ದೆ ತಾಗಿಸದು, ವಾಸನೆಯನ್ನೂ ತಡೆಯುತ್ತದೆ. ಕನ್ನಡ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಲೆನಾಡಿನ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಗದ್ದೆಗಿಳಿದವರಿಗೂ, ಬಯಲುಸೀಮೆಯಲ್ಲಿ ಕುರಿಮಂದೆಯ ಜೊತೆ ರಾತ್ರಿ ಕಳೆದ ಕುರುಬರಿಗೂ ನೆನೆದ ಉಣ್ಣೆ ಬೆಚ್ಚಗಿರಬಲ್ಲದು ಎಂಬುದು ಪ್ರಯೋಗಾಲಯಕ್ಕಿಂತ ಮೊದಲೇ ಗೊತ್ತಿತ್ತು.

ಈ ಗುಣಗಳಾವುವೂ ಬ್ರ್ಯಾಂಡಿನ ಆಸ್ತಿಯಲ್ಲ ಎಂಬುದೇ ಜೇಬು ಬಿಗಿ ಇರುವವನಿಗೆ ಸಿಹಿಸುದ್ದಿ. ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಯ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ. ಆದ್ದರಿಂದ ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರಗಳು ಮೇಲು. ಏರುವಾಗ ಒಂದನ್ನು ಕಳಚಬಹುದು, ಕೂತಾಗ ಒಂದನ್ನು ಸೇರಿಸಬಹುದು. 1924ರಲ್ಲಿ ಎವರೆಸ್ಟ್‌ನಲ್ಲಿ ಕಣ್ಮರೆಯಾದ ಜಾರ್ಜ್ ಮ್ಯಾಲರಿ ತೊಟ್ಟಿದ್ದದ್ದು ರೇಷ್ಮೆ, ಹತ್ತಿ, ಉಣ್ಣೆಗಳ ತೆಳು ಪದರಗಳು, ಮೇಲೊಂದು ಗ್ಯಾಬರ್ಡಿನ್ ಕೋಟು. 2006ರಲ್ಲಿ ಆ ಉಡುಪಿನ ತದ್ರೂಪು ಹೊಲಿಸಿ ಎವರೆಸ್ಟ್‌ನಲ್ಲೇ ತೊಟ್ಟು ನೋಡಿದಾಗ ಅದು ಎಣಿಸಿದ್ದಕ್ಕಿಂತ ಹಗುರವೂ ಬೆಚ್ಚಗೂ ಇತ್ತು. ಫ್ಲೀಸ್ ಬಟ್ಟೆಯದೂ ಇಂಥದೇ ಪಾಠ. ಮ್ಯಾಸಚೂಸೆಟ್ಸ್‌ನ ಮಾಲ್ಡನ್ ಮಿಲ್ಸ್ 1970ರ ದಶಕದ ಕೊನೆಯಲ್ಲಿ ಅದನ್ನು ರೂಪಿಸಿತು. ಬೇಗನೆ ಜಗತ್ತಿನ ಎಲ್ಲ ಗಿರಣಿಗಳೂ ನೇಯತೊಡಗಿ ಅದು ಸಂತೆಯ ಸರಕಾಯಿತು. ಇಪ್ಪತ್ತು ಡಾಲರ್‌ನ ಫ್ಲೀಸ್ ಮತ್ತು ಇನ್ನೂರು ಡಾಲರ್‌ನ ಫ್ಲೀಸ್ ಹೊಲಿಗೆ, ಕತ್ತರಿಕೆಯಲ್ಲಿ ಬೇರೆಯಾದಾವು; ಬೆಚ್ಚಗಿಡುವುದರಲ್ಲಿ ಹತ್ತು ಪಟ್ಟು ಅಂತರ ಖಂಡಿತ ಇಲ್ಲ. ಫ್ಲೀಸ್‌ಗೆ ಬೇಟೆಗಾರನ ಕಣ್ಣಲ್ಲಿ ಇನ್ನೊಂದು ಹಿರಿಮೆಯೂ ಇದೆ: ಪೊದೆಗೆ ಉಜ್ಜಿದರೆ ಸದ್ದಾಗದು. ಅಮೆರಿಕದ ಸಣ್ಣ ಊರುಗಳಲ್ಲೂ ಸಿಗುವ ಹಳೆಬಟ್ಟೆ ಅಂಗಡಿಯ ಉಣ್ಣೆ ಸ್ವೆಟರ್, ಯುರೋಪಿನ ಸೇನೆಗಳು ಕಳಚಿ ಮಾರಿದ ಉಣ್ಣೆ ಪ್ಯಾಂಟು, ಅಮೆರಿಕನ್ ಸೇನೆಯ ಏಳು ಪದರಗಳ ಚಳಿ-ಉಡುಪಿನಿಂದ ಬಿಡಿಯಾಗಿ ಸಿಗುವ ಒಳಅಂಗಿ, ಹತ್ತಿಯಲ್ಲದ ಯಾವುದೇ ಓಟದ ಅಂಗಿ, ಇವಿಷ್ಟರಲ್ಲೇ ಒಳಪದರಗಳ ಕೆಲಸ ಮುಗಿಯುತ್ತದೆ.

ಮಳೆಕೋಟಿನ ವಿಷಯದಲ್ಲಿ ಅಗ್ಗದ ವಾದಕ್ಕೆ ಒಂದು ಮಿತಿ ಹಾಕಬೇಕು. 1969ರಲ್ಲಿ ಬಾಬ್ ಗೋರ್ ಪಿಟಿಎಫ್‌ಇ ಪ್ಲಾಸ್ಟಿಕ್ಕನ್ನು ಥಟ್ಟನೆ ಎಳೆದು ಹಿಗ್ಗಿಸಿ, ನೀರಹನಿ ತೂರದ ಆದರೆ ಆವಿ ತೂರುವ ಪೊರೆಯನ್ನು ಕಂಡುಕೊಂಡರು. ಆ ತತ್ತ್ವದ ಮೇಲೆ ಈಗ ಹಲವು ಕಂಪನಿಗಳ ಪೊರೆಗಳಿವೆ. ನೀರು ತಡೆಯುವುದೊಂದೇ ಆದರೆ ಪಾಲಿಯುರೆಥೇನ್ ಲೇಪದ ಸಾದಾ ಕೋಟೂ ತಡೆಯುತ್ತದೆ. ಹೆಚ್ಚಿನ ಬೆಲೆ ಹೋಗುವುದು ಬೆವರಿನ ಆವಿ ಹೊರಹೋಗಲಿ, ಬಟ್ಟೆ ಕಲ್ಲು-ಕೊಂಬೆಗೆ ಹರಿಯದಿರಲಿ ಎಂಬ ಎರಡು ಕಾರಣಕ್ಕೆ. ಇದರಲ್ಲಿ ಮೊದಲನೆಯದನ್ನು ನಡಿಗೆಯ ರೀತಿಯಿಂದಲೇ ಅರ್ಧ ಪರಿಹರಿಸಬಹುದು. ಕಡಿದಾದ ಏರಿನಲ್ಲಿ ಭಾರ ಹೊತ್ತವನ ಬೆವರನ್ನು ಎಂಥ ದುಬಾರಿ ಪೊರೆಯೂ ಪೂರ್ತಿ ಹೊರಗೆ ಕಳಿಸಲಾರದು. ನಿಧಾನವಾಗಿ ಏರುವುದು, ಏರುವ ಮೊದಲೇ ಪದರ ಕಳಚುವುದು, ಕಂಕುಳಲ್ಲಿ ಜಿಪ್ ಇರುವ ಕೋಟು ಆರಿಸುವುದು ಹೆಚ್ಚು ಕೆಲಸ ಮಾಡುತ್ತವೆ. ಎರಡನೆಯದಕ್ಕೆ ಅಡ್ಡದಾರಿ ಇಲ್ಲ. ಟೂರಿಸ್ಟರು ಕೊಳ್ಳುವ ತೆಳು ಪ್ಲಾಸ್ಟಿಕ್ ಪೊಂಚೊ ಮೊದಲ ಪೊದೆಗೇ ಚಿಂದಿಯಾಗುತ್ತದೆ. ಆದ್ದರಿಂದ ಗಟ್ಟಿ ಬಟ್ಟೆಯ, ಹೊಲಿಗೆಗಳಿಗೆ ಟೇಪ್ ಅಂಟಿಸಿದ ಮಳೆಕೋಟಿಗೆ ಹಣ ಹಾಕುವುದು ನ್ಯಾಯ. ಅದು ಬೇಟೆಯ ಬ್ರ್ಯಾಂಡ್ ಆಗಬೇಕೆಂದಿಲ್ಲ, ಕಳೆದ ವರ್ಷದ ಚಾರಣದ ಕೋಟು ರಿಯಾಯಿತಿಯಲ್ಲಿ ಸಿಕ್ಕರೂ ಆಯಿತು. ಕೂತು ಕಾಯುವಾಗ ತೊಡುವ ದಪ್ಪ ಜಾಕೆಟ್‌ನಲ್ಲಿ ಬಾತುಕೋಳಿಯ ಪುಕ್ಕಕ್ಕಿಂತ ಕೃತಕ ತುಂಬಿನದು ಬಡವನಿಗೆ ಒಳ್ಳೆಯದು. ಪುಕ್ಕ ಹಗುರ, ಆದರೆ ನೆನೆದರೆ ಮುದ್ದೆಯಾಗುತ್ತದೆ. ಕೃತಕ ತುಂಬು ನೆನೆದರೂ ಒಂದಿಷ್ಟು ಶಾಖ ಉಳಿಸುತ್ತದೆ, ಬೆಲೆಯೂ ಕಡಿಮೆ.

ಇನ್ನು ಬೆನ್ನುಚೀಲ. ಬೇಟೆಗಾರನ ಲೆಕ್ಕ ಚಾರಣಿಗನ ಲೆಕ್ಕದಿಂದ ಪೂರ್ತಿ ಬೇರೆಯಾಗುವುದು ಇಲ್ಲೇ. ಚಾರಣಿಗನ ಚೀಲ ದಿನದಿನಕ್ಕೆ ಹಗುರವಾಗುತ್ತದೆ. ಬೇಟೆಗಾರನದು, ಬೇಟೆ ಕೈಗೂಡಿದರೆ, ಒಮ್ಮೆಲೇ ಹಲವು ಪಟ್ಟು ಭಾರವಾಗುತ್ತದೆ. ದೊಡ್ಡ ಗಂಡು ಎಲ್ಕ್‌ನಿಂದ ಮೂಳೆ ಬಿಡಿಸಿದ ಮಾಂಸವೇ ಸುಮಾರು 100 ಕಿಲೊ ಬರುತ್ತದೆ. ಒಬ್ಬನೇ ಇದ್ದರೆ ತಲಾ 35 ಕಿಲೊದಂತೆ ಮೂರು ಹೊರೆ. ವಾಹನ ಐದು ಕಿಲೊಮೀಟರ್ ದೂರದಲ್ಲಿದೆ ಎಂದುಕೊಳ್ಳಿ: ಹೊತ್ತು ಮೂರು ಸಲ, ಬರಿಗೈಯಲ್ಲಿ ಎರಡು ಸಲ, ಒಟ್ಟು 25 ಕಿಲೊಮೀಟರ್ ನಡಿಗೆ, ಡೇರೆ, ಹಾಸಿಗೆಗಳ ಹೊರೆ ಇದರ ಮೇಲೆ. ಮಾಂಸ ಕೆಡುವ ಮೊದಲೇ ಇದು ಮುಗಿಯಬೇಕು. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲೇ ಕೊಳೆಯಲು ಬಿಡುವುದು ಈ ರಾಜ್ಯಗಳಲ್ಲಿ ಅಪರಾಧ, ಮರ್ಯಾದಸ್ಥ ಬೇಟೆಗಾರನ ಕಣ್ಣಲ್ಲಿ ಅದಕ್ಕಿಂತ ದೊಡ್ಡ ತಪ್ಪು. ಹದಿನೈದು ಕಿಲೊಗೆಂದು ಹೊಲಿದ ಸಾಮಾನ್ಯ ಚಾರಣದ ಚೀಲಕ್ಕೆ ಈ ಭಾರ ತುಂಬಿದರೆ ಒಳಗಿನ ಕಡ್ಡಿ ಬಾಗುತ್ತದೆ, ಭಾರ ಸೊಂಟದಿಂದ ಜಾರಿ ಹೆಗಲಿಗೆ ಬೀಳುತ್ತದೆ, ಹೊತ್ತವನು ಹಿಂದಕ್ಕೆ ವಾಲುತ್ತಾನೆ. ಕತ್ತಲಲ್ಲಿ, ಜಾರುವ ಇಳಿಜಾರಿನಲ್ಲಿ, ಕಾಲು ಉಳುಕಲು ಅಷ್ಟು ಸಾಕು. ಜಾಕೆಟ್ ಸ್ವಲ್ಪ ಕಳಪೆಯಾದರೆ ಚಳಿಯಲ್ಲಿ ನಡುಗಿ ಬೇಗ ಡೇರೆ ಸೇರಬಹುದು. ಚೌಕಟ್ಟು ಕೈಕೊಟ್ಟರೆ ಮಾಂಸವೂ ಹಾಳು, ಮೈಯೂ ಹಾಳು.

ಹಾಗೆಂದು ಒಳ್ಳೆಯ ಚೌಕಟ್ಟು ದುಬಾರಿಯೇ ಆಗಬೇಕೆಂದಿಲ್ಲ. ಅಮೆರಿಕದ ವಾಯವ್ಯ ಮೂಲೆಯಲ್ಲಿ 1920ರ ದಶಕದಲ್ಲೇ ಟ್ರ್ಯಾಪರ್ ನೆಲ್ಸನ್ ಎಂಬ ಮರದ ಚೌಕಟ್ಟು ಪೇಟೆಂಟ್ ಪಡೆದು, ದಶಕಗಳ ಕಾಲ ಅರಣ್ಯ ನೌಕರರ, ಬೇಟೆಗಾರರ ಬೆನ್ನೇರಿತ್ತು. 1952ರಲ್ಲಿ ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿ ಅಲ್ಯೂಮಿನಿಯಂ ಕೊಳವೆಯ ಚೌಕಟ್ಟನ್ನು ಮಾರಲು ಶುರುಮಾಡಿ, ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸುವ ಪಟ್ಟಿಯನ್ನು ಜನಪ್ರಿಯಗೊಳಿಸಿದರು. ಹೆಗಲ ಸ್ನಾಯುಗಳು ಬೇಗ ಸೋಲುತ್ತವೆ. ಸೊಂಟದ ಮೂಳೆಯ ಮೂಲಕ ಭಾರ ನೇರ ಕಾಲಿಗಿಳಿದರೆ ಮನುಷ್ಯ ಹೆಚ್ಚು ಹೊತ್ತು ಹೊರಬಲ್ಲ. ಇಂದಿನ ಕಾರ್ಬನ್ ಫೈಬರ್ ಚೌಕಟ್ಟುಗಳು ತೂಕ ಇಳಿಸಿವೆ, ಹೊಂದಾಣಿಕೆ ಹೆಚ್ಚಿಸಿವೆ. ತತ್ತ್ವ ಮಾತ್ರ ಅದೇ. ಹಾಗಾಗಿ ಕಡಿಮೆ ಹಣದವನಿಗೆ ಮೂರು ದಾರಿಗಳಿವೆ. ಒಂದು, ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಒಳ್ಳೆಯ ಬೇಟೆಚೀಲವನ್ನೇ ಹುಡುಕುವುದು. ಚೀಲ ಮಾಸಿದ್ದರೂ ಚೌಕಟ್ಟು ಗಟ್ಟಿಯಿದ್ದರೆ ಸಾಕು. ಎರಡು, ಸೇನೆಯಿಂದ ಹೊರಬಿದ್ದ ಆಲಿಸ್ ಚೌಕಟ್ಟು. 1970ರ ದಶಕದ ಈ ಅಲ್ಯೂಮಿನಿಯಂ ಚೌಕಟ್ಟಿನ ಸೊಂಟಪಟ್ಟಿ ತೆಳ್ಳಗಿದೆ ಎಂಬುದು ಹಳೆಯ ದೂರು. ಅದರ ಮುಂದಿನ ತಲೆಮಾರಿನ ಮಾಲಿ ಚೀಲದ ದಪ್ಪ ಪಟ್ಟಿಯನ್ನು ಇದಕ್ಕೆ ಕಟ್ಟಿ ಬಳಸುವವರು ಬಹಳ. ಮೂರು, ಚೀಲವಿಲ್ಲದ ಬರೀ ಹೊರೆ-ಚೌಕಟ್ಟನ್ನು ಕೊಂಡು ವಾಹನದಲ್ಲಿಟ್ಟು, ಹಗಲಿಡೀ ಮನೆಯಲ್ಲಿರುವ ಹಳೆಯ ಚೀಲವನ್ನೇ ಹೊತ್ತು ಓಡಾಡಿ, ಬೇಟೆ ಬಿದ್ದ ಮೇಲೆ ಮೊದಲ ಹೊರೆಯೊಂದಿಗೆ ಹೋಗಿ ಚೌಕಟ್ಟು ತರುವುದು. ರಸ್ತೆಯಿಂದ ಮೂರು-ನಾಲ್ಕು ಕಿಲೊಮೀಟರ್ ಒಳಗೆ ಬೇಟೆಯಾಡುವವನಿಗೆ ಇದಕ್ಕಿಂತ ಅಗ್ಗದ ಏರ್ಪಾಡಿಲ್ಲ. ಯಾವ ದಾರಿ ಹಿಡಿದರೂ ಕೊಳ್ಳುವ ಮುನ್ನ ಅಳತೆ ನೋಡಬೇಕು: ಕತ್ತಿನ ಬುಡದ ಉಬ್ಬು ಮೂಳೆಯಿಂದ ಸೊಂಟದ ಮೂಳೆಯ ಮಟ್ಟದವರೆಗಿನ ಉದ್ದಕ್ಕೆ ಚೌಕಟ್ಟು ಹೊಂದಬೇಕು. ಅಳತೆ ತಪ್ಪಿದ ದುಬಾರಿ ಚೀಲಕ್ಕಿಂತ ಅಳತೆಗೊಪ್ಪುವ ಹಳೆಯ ಚೌಕಟ್ಟು ವಾಸಿ.

ಈ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ತೂಕದ್ದು. ದುಬಾರಿ ಸರಕು ಹಗುರ, ಹಗುರವಾದಷ್ಟೂ ಕಾಡಿನೊಳಗೆ ಹೆಚ್ಚು ದೂರ ಹೋಗಬಹುದು ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಉಣ್ಣೆ ಪ್ಯಾಂಟು, ಆಲಿಸ್ ಚೌಕಟ್ಟು, ಕೃತಕ ತುಂಬಿನ ಜಾಕೆಟ್ ಸೇರಿದರೆ ಒಂದೆರಡು ಕಿಲೊ ಹೆಚ್ಚಾಗುತ್ತದೆ. ಆದರೆ ಜಾಕೆಟ್‌ನಲ್ಲಿ ಉಳಿಸಿದ 200 ಗ್ರಾಂ, 35 ಕಿಲೊ ಮಾಂಸದ ಹೊರೆಯ ಶೇ. 1ರಷ್ಟೂ ಅಲ್ಲ. ತೂಕ ಇಳಿಸಲೇಬೇಕೆಂದರೆ ಕಾಲಿನಿಂದ ಶುರುಮಾಡಬೇಕು; ಅದೇ ತೂಕವನ್ನು ಬೆನ್ನಿನ ಮೇಲೆ ಹೊರುವುದಕ್ಕಿಂತ ಪಾದದಲ್ಲಿ ಹೊರಲು ನಾಲ್ಕರಿಂದ ಆರು ಪಟ್ಟು ಶಕ್ತಿ ಬೇಕೆಂದು ಸೈನಿಕರ ಹೊರೆಯ ಮೇಲಿನ ಸಂಶೋಧನೆ ತೋರಿಸಿದೆ. ಹಾಗಾಗಿ ಬಟ್ಟೆಯಲ್ಲಿ ಉಳಿಸಿದ ಹಣ ಒಳ್ಳೆಯ ಬೂಟಿಗೆ ಹೋದರೆ ಅದು ವ್ಯರ್ಥವಲ್ಲ. ಬೇಡದ ಎರಡನೇ ಜೊತೆ ಬಟ್ಟೆ, ಬಳಸದ ಉಪಕರಣಗಳನ್ನು ಮನೆಯಲ್ಲೇ ಬಿಟ್ಟರೆ ಕಾಸಿಲ್ಲದೆ ಕಿಲೊಗಟ್ಟಲೆ ಇಳಿಯುತ್ತದೆ.

ಇನ್ನೊಂದು ಆಕ್ಷೇಪ ಬಾಳಿಕೆಯದು: ಅಗ್ಗದ್ದನ್ನು ಮತ್ತೆ ಮತ್ತೆ ಕೊಳ್ಳುವುದಕ್ಕಿಂತ ದುಬಾರಿಯದನ್ನು ಒಮ್ಮೆ ಕೊಳ್ಳುವುದು ಲೇಸಲ್ಲವೇ? ಚೌಕಟ್ಟಿಗೆ, ಬೂಟಿಗೆ, ಮಳೆಕೋಟಿಗೆ ಈ ಮಾತು ಒಪ್ಪುತ್ತದೆ. ಅಲ್ಲಿ ಹಣ ಹಾಕಿ ಎಂದು ಮೇಲೆ ಹೇಳಿದ್ದೂ ಅದಕ್ಕೇ. ಒಳಅಂಗಿ, ಪ್ಯಾಂಟುಗಳಿಗೆ ಒಪ್ಪದು. ಮುಳ್ಳು, ಕಲ್ಲು, ರಕ್ತ, ಬೆಂಕಿಯ ಕಿಡಿಗಳಿಗೆ ಬ್ರ್ಯಾಂಡಿನ ಭೇದವಿಲ್ಲ. ಹಗುರವಾಗಲೆಂದು ತೆಳ್ಳಗೆ ನೇಯ್ದ ದುಬಾರಿ ಬಟ್ಟೆ ಹಳೆಯ ದಪ್ಪ ಉಣ್ಣೆಗಿಂತ ಮೊದಲೇ ಹರಿಯುವುದೂ ಉಂಟು. ಒಳ್ಳೆಯ ಸರಕು ಕೊಂಡರೆ ಕಾಡಿಗೂ ಒಳ್ಳೆಯದು ಎಂಬ ಭಾವನೆಯೂ ಕೆಲವರಲ್ಲಿದೆ. ಆದರೆ ಅಮೆರಿಕದಲ್ಲಿ ವನ್ಯಜೀವಿ ಸಂರಕ್ಷಣೆಗೆ ಹಣ ತರುವುದು ಪರವಾನಗಿಯ ಶುಲ್ಕ, ಮತ್ತು 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಡಿ ಬಂದೂಕು, ಮದ್ದುಗುಂಡು, ಬಿಲ್ಲು-ಬಾಣದ ಸಾಮಗ್ರಿಗಳ ಮೇಲೆ ಬೀಳುವ ತೆರಿಗೆ. ಜಾಕೆಟ್, ಬೆನ್ನುಚೀಲಗಳು ಆ ತೆರಿಗೆಯ ವ್ಯಾಪ್ತಿಗೆ ಬರುವುದಿಲ್ಲ.

ಬೇಟೆಯೇ ನಿಷಿದ್ಧವಾದ ನಾಡಿನ ಓದುಗರಿಗೆ ಈ ಲೆಕ್ಕಾಚಾರದಿಂದ ಏನು ಪ್ರಯೋಜನ ಎಂದು ಕೇಳಬಹುದು. ಬಂದೂಕನ್ನು ತೆಗೆದಿಟ್ಟರೆ ಉಳಿಯುವುದು ಎತ್ತರ, ಒದ್ದೆ, ಗಾಳಿ ಮತ್ತು ಬೆನ್ನಿನ ಹೊರೆ. ಕುಮಾರಪರ್ವತಕ್ಕೋ ಹಿಮಾಲಯಕ್ಕೋ ಹೊರಡುವ ಕನ್ನಡಿಗನ ಮುಂದಿರುವುದೂ ಇವೇ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಲುಕಿ ಕರ್ನಾಟಕದಿಂದ ಹೋಗಿದ್ದ ತಂಡದ ಒಂಬತ್ತು ಮಂದಿ ಪ್ರಾಣ ಬಿಟ್ಟರು. ಆ ದುರಂತವನ್ನು ಬಟ್ಟೆಯ ಪ್ರಶ್ನೆಗೆ ಇಳಿಸುವುದು ಸರಿಯಲ್ಲ. ಆದರೆ ಬೇಸಿಗೆಯಲ್ಲೂ ಪರ್ವತ ಎಷ್ಟು ಬೇಗ ಮುಖ ತಿರುಗಿಸಬಲ್ಲದು ಎಂಬುದನ್ನು ಅದು ತೋರಿಸಿತು. ಅಂಗಡಿಯಲ್ಲಿ ಹಣ ಎಣಿಸುವ ಮುನ್ನ ಪ್ರತಿ ವಸ್ತುವಿಗೂ ಒಂದೇ ಪ್ರಶ್ನೆ ಹಾಕಿ: ಇದು ಕೈಕೊಟ್ಟರೆ ನಾನು ಕಳೆದುಕೊಳ್ಳುವುದು ಏನನ್ನು? ಉತ್ತರ ಜೀವ ಅಥವಾ ಕಾಲು ಎಂದಾದರೆ ಚೌಕಾಸಿ ಬೇಡ. ಉತ್ತರ ಬರೀ ಅಂದ ಎಂದಾದರೆ, ಮನೆಯ ಕಪಾಟಿನಲ್ಲಿರುವ ಹಳೆಯ ಉಣ್ಣೆಯ ಸ್ವೆಟರನ್ನೇ ಚೀಲಕ್ಕೆ ಹಾಕಿಕೊಂಡು ಹೊರಡಿ.